ಕೋಳಿಗೂಡಿನಲ್ಲಿ ಶುರುವಾದ ವಿಶ್ವವಿದ್ಯಾಲಯ

ನಾವು ಓದುವಾಗ ಇದ್ದ ಹಾಸ್ಟೆಲ್‌ನ ಗೋಡೆಯಲ್ಲಿ ಹೆಸರು ಕೆತ್ತದ ಜಾಗವೇ ಇರಲಿಲ್ಲ. ಕಾಂಪಾಸ್ ಮುಳ್ಳಿನಲ್ಲಿ ಗೀಚಿದ್ದು, ಇದ್ದಿಲಿನಲ್ಲಿ ಬರೆದದ್ದು, ಯಾವುದೋ ಹುಡುಗಿಯ ಹೆಸರಿನ ಮೊದಲಕ್ಷರ, ವಾರ್ಡನ್‌ಗೆ ಎರಡು ಬೈಗುಳ. ನಲ್ಲಿ ಮುರಿದರೆ ಮುರಿಯಿತು, ಬಲ್ಬ್ ಹೋದರೆ ಹೋಯಿತು. ನಮ್ಮಪ್ಪಂದೇನು ಗಂಟು ಹೋಗುತ್ತೆ ಅನ್ನುತ್ತಿದ್ದೆವು. ಎರಡು ವರ್ಷ ಯಾರದೋ ಕಟ್ಟಡದಲ್ಲಿ ತಂಗಿದ್ದು ಹೊರಟು ಬಂದೆವು, ಅಷ್ಟೇ.

ಮೊನ್ನೆ ಬೂಕರ್ ಟಿ. ವಾಷಿಂಗ್ಟನ್ ಅವರ ಆತ್ಮಕಥೆ ಓದುವಾಗ ಆ ಗೋಡೆ ನೆನಪಾಯಿತು. 1901ರಲ್ಲಿ ಬಂದ ಪುಸ್ತಕ ಅದು. ಅವರ ಶಾಲೆಗೆ ಹೊಸದಾಗಿ ಸೇರಿದ ಹುಡುಗ ಚಾಕು ತೆಗೆದು ಗೋಡೆಗೆ ಹೆಸರು ಕೆತ್ತಲು ಹೋದರೆ ಹಳೇ ಹುಡುಗರೇ ಕೈ ಹಿಡಿಯುತ್ತಿದ್ದರಂತೆ. ಯಾಕೆಂದರೆ ಆ ಗೋಡೆ ಕಟ್ಟಿದ್ದವರು ಅವರೇ. ಇಟ್ಟಿಗೆ ಸುಟ್ಟವರೂ ಅವರೇ.

ಬೂಕರ್ ಹುಟ್ಟಿದ್ದು ಅಮೆರಿಕದ ವರ್ಜೀನಿಯಾದಲ್ಲಿ, 1856ರ ಸುಮಾರಿಗೆ, ಗುಲಾಮ ತಾಯಿಯ ಮಗನಾಗಿ. 1865ರಲ್ಲಿ ಬಿಡುಗಡೆ ಸಿಕ್ಕಿತು. ಆಮೇಲೆ ಉಪ್ಪು ಕಾಯಿಸುವ ಒಲೆಯ ಮುಂದೆ, ಕಲ್ಲಿದ್ದಲು ಗಣಿಯೊಳಗೆ ಕೂಲಿ. ಗಣಿಯಲ್ಲಿ ಇಬ್ಬರು ಮಾತಾಡುತ್ತಿದ್ದದ್ದು ಹುಡುಗನ ಕಿವಿಗೆ ಬಿತ್ತು. ಹ್ಯಾಂಪ್ಟನ್ ಎಂಬ ಊರಿನಲ್ಲಿ ಕಪ್ಪು ಜನರಿಗಾಗಿ ಒಂದು ಶಾಲೆ ಇದೆ, ದುಡ್ಡಿಲ್ಲದವರು ಅಲ್ಲೇ ದುಡಿದು ಊಟ ವಸತಿಯ ಖರ್ಚು ತೀರಿಸಬಹುದು ಎಂದು. 1872ರಲ್ಲಿ ಹೊರಟೇಬಿಟ್ಟ. ಸುಮಾರು 500 ಮೈಲಿ ದೂರ. ದಾರಿಯಲ್ಲಿ ಕಾಸು ಮುಗಿದು, ರಿಚ್ಮಂಡ್ ಪಟ್ಟಣದಲ್ಲಿ ಹಲಗೆ ಹಾಸಿದ ಫುಟ್‌ಪಾತ್ ಕೆಳಗೆ ತೂರಿಕೊಂಡು ಮಲಗಿದ, ಹಡಗಿನ ಸರಕು ಇಳಿಸಿದ. ಹ್ಯಾಂಪ್ಟನ್ ತಲುಪಿದಾಗ ಜೇಬಿನಲ್ಲಿ 50 ಸೆಂಟ್.

ಮೈಮೇಲೆ ಕೊಳೆ ಬಟ್ಟೆ. ಮೇಡಂ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದರು. ಕೊನೆಗೆ ಒಂದು ಕೋಣೆ ತೋರಿಸಿ ಗುಡಿಸು ಅಂದರು. ಹುಡುಗ ಮೂರು ಸಲ ಗುಡಿಸಿದ, ನಾಲ್ಕು ಸಲ ಒರೆಸಿದ. ಮೇಡಂ ಕರ್ಚೀಫು ತೆಗೆದು ಮೇಜು, ಬೆಂಚು ಉಜ್ಜಿ ನೋಡಿದರು. ಧೂಳಿಲ್ಲ. ಅದೇ ಪ್ರವೇಶ ಪರೀಕ್ಷೆ ಆಯಿತು. ಕಟ್ಟಡ ಗುಡಿಸಿ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ಕೆಲಸವೂ ಸಿಕ್ಕಿತು. ಊಟ ವಸತಿಯ ಖರ್ಚಿನ ಬಹುಪಾಲು ಅದರಲ್ಲೇ ತೀರುತ್ತಿತ್ತು.

ರೂಮಿನ ಕತೆ ಇನ್ನೂ ಚೆನ್ನ. ಹಾಸಿಗೆಯ ಮೇಲೆ ಎರಡು ಬೆಡ್‌ಶೀಟ್ ಇದ್ದವು. ಬೂಕರ್ ಜನ್ಮದಲ್ಲಿ ಬೆಡ್‌ಶೀಟ್ ನೋಡಿರಲಿಲ್ಲ. ಮೊದಲ ರಾತ್ರಿ ಎರಡನ್ನೂ ಹೊದ್ದು ಮಲಗಿದ. ಎರಡನೇ ರಾತ್ರಿ ಎರಡರ ಮೇಲೂ ಮಲಗಿದ. ರೂಮಿನಲ್ಲಿದ್ದ ಇನ್ನೂ ಏಳು ಹುಡುಗರನ್ನು ಕದ್ದು ನೋಡಿ ಮೂರನೇ ದಿನ ಸರಿಯಾಗಿ ಕಲಿತ. ಮೊದಲ ಸಲ ಹಾಸ್ಟೆಲ್‌ಗೆ ಹೋದ ನಮ್ಮಲ್ಲಿ ಎಷ್ಟು ಜನ ಇಂಥದ್ದನ್ನೇ ಹೀಗೇ ಕಲಿತಿಲ್ಲ ಹೇಳಿ.

ಮುಂದೆ ಅದೇ ಶಾಲೆಗೆ ಅವರು ಮೇಷ್ಟ್ರಾಗಿ ವಾಪಸ್ ಬಂದರು. ಆಗ ಅಮೆರಿಕದ ಮೂಲನಿವಾಸಿ ಹುಡುಗರನ್ನೂ ಅಲ್ಲಿ ಸೇರಿಸಿಕೊಂಡಿದ್ದರು. ಅವರ ಜೊತೆ ಒಂದೇ ಕಟ್ಟಡದಲ್ಲಿದ್ದು ಮನೆಯ ಹಿರಿಯನ ಹಾಗೆ ನೋಡಿಕೊಳ್ಳುವ ಕೆಲಸ ಬೂಕರ್ ಮೇಷ್ಟ್ರಿಗೆ ಬಂತು. ಕಪ್ಪು ಹುಡುಗರು ಅವರನ್ನು ರೂಮಿಗೆ ಸೇರಿಸಿಕೊಂಡು ಇಂಗ್ಲಿಷ್ ಕಲಿಸಿದರು. ಆದರೆ ಇದನ್ನು ಬರೀ ಹೊಗಳಿ ಬಿಡುವ ಹಾಗಿಲ್ಲ. ಆ ಮಕ್ಕಳ ಉದ್ದ ಕೂದಲು ಕತ್ತರಿಸಿ, ಹೊದೆಯುತ್ತಿದ್ದ ಕಂಬಳಿ ಬಿಡಿಸಿದ್ದೂ ಅಲ್ಲೇ. ಅವರಿಗೆ ಅದು ಬೇಡವಾಗಿತ್ತು ಎಂದು ಮೇಷ್ಟ್ರೇ ಬರೆದಿದ್ದಾರೆ.

1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿ ಎಂಬ ಊರಿನಿಂದ ಕರೆ ಬಂತು. ಕಪ್ಪು ಮಕ್ಕಳಿಗೆ ಶಿಕ್ಷಕರ ತರಬೇತಿ ಶಾಲೆ ಶುರುಮಾಡಬೇಕು. ಸರ್ಕಾರ ವರ್ಷಕ್ಕೆ 2,000 ಡಾಲರ್ ಕೊಟ್ಟಿತ್ತು, ಅದು ಮೇಷ್ಟ್ರುಗಳ ಸಂಬಳಕ್ಕೆ ಮಾತ್ರ. ಜಾಗ ಇಲ್ಲ, ಕಟ್ಟಡ ಇಲ್ಲ. ಜುಲೈ 4ರಂದು 30 ವಿದ್ಯಾರ್ಥಿಗಳೊಂದಿಗೆ ಒಂದು ಮುರುಕಲು ಗುಡಿಸಲಿನಲ್ಲಿ ಪಾಠ ಶುರುವಾಯಿತು. ಮಳೆ ಬಂದರೆ ಒಬ್ಬ ಹುಡುಗ ಎದ್ದು ಮೇಷ್ಟ್ರ ತಲೆ ಮೇಲೆ ಕೊಡೆ ಹಿಡಿಯುತ್ತಿದ್ದ. ಕೆಲವು ತಿಂಗಳಲ್ಲಿ ಸಾಲ ಮಾಡಿ 100 ಎಕರೆಯ ಹಾಳುಬಿದ್ದ ತೋಟ ಕೊಂಡರು. ಯಜಮಾನನ ದೊಡ್ಡ ಮನೆ ಸುಟ್ಟುಹೋಗಿತ್ತು. ಉಳಿದಿದ್ದು ಹಳೇ ಅಡುಗೆಮನೆ, ಕುದುರೆ ಲಾಯ, ಕೋಳಿಗೂಡು. ಲಾಯ ಮತ್ತು ಕೋಳಿಗೂಡನ್ನು ತೊಳೆದು ಬಳಿದು ತರಗತಿ ಮಾಡಿದರು.

ಆಮೇಲೆ ಪೊದೆ ಕಡಿಯುವ ಕೆಲಸ. ಇಲ್ಲಿ ಹುಡುಗರು ಹಿಂದೇಟು ಹಾಕಿದರು. ಬಂದವರಲ್ಲಿ ಹಲವರು ಆಗಲೇ ಊರಲ್ಲಿ ಮೇಷ್ಟ್ರಾಗಿದ್ದವರು. ಕೈಯಲ್ಲಿ ಪುಸ್ತಕ ಹಿಡಿದವನು ಕೊಡಲಿ ಯಾಕೆ ಹಿಡಿಯಬೇಕು? ಬೂಕರ್ ಮೇಷ್ಟ್ರು ತಾವೇ ಕೊಡಲಿ ಹೆಗಲಿಗಿಟ್ಟು ಮುಂದೆ ಹೋದರು. ಹುಡುಗರು ಹಿಂದೆ ಬಂದರು. 20 ಎಕರೆ ಸ್ವಚ್ಛವಾಯಿತು.

ತಂದೆ ತಾಯಂದಿರ ಸಿಟ್ಟು ಇನ್ನೂ ದೊಡ್ಡದು. ಮಗನಿಗೆ ಪುಸ್ತಕ ಬಿಟ್ಟು ಬೇರೇನೂ ಕಲಿಸಬೇಡಿ ಎಂದು ಚೀಟಿ ಬರೆದು ಕಳಿಸುತ್ತಿದ್ದರು, ಕೆಲವರು ಖುದ್ದು ಬಂದು ಹೇಳುತ್ತಿದ್ದರು. ಅವರ ತಪ್ಪಲ್ಲ. ತಲೆತಲಾಂತರದಿಂದ ಕೆಲಸ ಎಂದರೆ ಗುಲಾಮರಿಗೆ ಹೊರಿಸಿದ್ದು. ಅದರಿಂದ ತಪ್ಪಿಸಿಕೊಳ್ಳಲೆಂದೇ ಮಕ್ಕಳನ್ನು ಶಾಲೆಗೆ ಕಳಿಸಿದ್ದು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಾಸ್ಟೆಲ್‌ನಲ್ಲೂ ಒಮ್ಮೆ ಕ್ಲೀನಿಂಗ್‌ಗೆ ಪಾಳಿ ಹಾಕಿದ್ದರು. ಅಂಗಳ ಗುಡಿಸುವುದು ಒಬ್ಬರಿಗೆ, ನೀರು ತುಂಬುವುದು ಒಬ್ಬರಿಗೆ. ಶೌಚಾಲಯದ ಪಾಳಿ ಮಾತ್ರ ಪ್ರತಿ ವಾರ ಅದೇ ನಾಲ್ಕು ಹುಡುಗರಿಗೆ ಬರುತ್ತಿತ್ತು. ಅವರು ಯಾವ ಕೇರಿಯವರು ಎಂದು ಎಲ್ಲರಿಗೂ ಗೊತ್ತಿತ್ತು. ನಾವು ಯಾರೂ ಬಾಯಿ ಬಿಡಲಿಲ್ಲ.

ಟಸ್ಕೀಗಿಯಲ್ಲಿ ಮೇಷ್ಟ್ರು ಮೊದಲು ಕೊಡಲಿ ಎತ್ತಿದ್ದಕ್ಕೆ ಅಷ್ಟು ಬೆಲೆ ಯಾಕೆ ಎಂದು ಇದರಿಂದ ಅರ್ಥವಾಗುತ್ತದೆ.

ಇಟ್ಟಿಗೆಯ ಕತೆಗೆ ಬರೋಣ. ಊರಲ್ಲಿ ಇಟ್ಟಿಗೆ ಗೂಡು ಇರಲಿಲ್ಲ, ಕೊಳ್ಳಲು ದುಡ್ಡೂ ಇರಲಿಲ್ಲ. ಹುಡುಗರು ಮೊಣಕಾಲುದ್ದ ಕೆಸರಿನಲ್ಲಿ ಗಂಟೆಗಟ್ಟಲೆ ನಿಂತು ಮಣ್ಣು ತುಳಿದರು. ಬೇಸತ್ತು ಶಾಲೆ ಬಿಟ್ಟವರೂ ಉಂಟು. ಸುಮಾರು 25,000 ಇಟ್ಟಿಗೆ ಕೊಯ್ದು ಮೊದಲ ಗೂಡು ಹಾಕಿದರು. ಕೆಟ್ಟಿತು. ಎರಡನೆಯದೂ ಕೆಟ್ಟಿತು. ಮೂರನೆಯದು ವಾರ ಉರಿದು ಇನ್ನೇನು ಮುಗಿಯಿತು ಅನ್ನುವಾಗ ನಡುರಾತ್ರಿ ಕುಸಿಯಿತು. ಗೂಡು ಹಾಕಿ ಗೊತ್ತಿದ್ದವರಿಗೆ ಆ ರಾತ್ರಿ ಹೇಗಿದ್ದಿರಬಹುದು ಎಂದು ತಿಳಿದೀತು. ಕೈಯಲ್ಲಿ ಒಂದು ಡಾಲರ್ ಇಲ್ಲ. ಮೇಷ್ಟ್ರು ಮಾಂಟ್‌ಗೊಮೆರಿ ಪಟ್ಟಣಕ್ಕೆ ಹೋಗಿ ತಮ್ಮ ಗಡಿಯಾರವನ್ನು 15 ಡಾಲರ್‌ಗೆ ಅಡವಿಟ್ಟು ಬಂದರು. ನಾಲ್ಕನೇ ಗೂಡು ಚೆನ್ನಾಗಿ ಬೆಂದಿತು. ಗಡುವು ಮೀರಿ ಗಡಿಯಾರ ಮುಳುಗಿಹೋಯಿತು. ಮುಂದೆ ಅದೇ ಶಾಲೆ ಒಂದೇ ಹಂಗಾಮಿನಲ್ಲಿ 12 ಲಕ್ಷ ಇಟ್ಟಿಗೆ ತೆಗೆಯಿತು. ಅಕ್ಕಪಕ್ಕದ ಬಿಳಿಯರೂ ಕೊಳ್ಳಲು ಬಂದರು.

ಮೊದಲ ದೊಡ್ಡ ಕಟ್ಟಡ ಪೋರ್ಟರ್ ಹಾಲ್. ಅದರ ಅಡಿಯ ಮಣ್ಣನ್ನು ಹುಡುಗರೇ ಅಗೆದು ತೆಗೆದು ಅಡುಗೆಮನೆ, ಊಟದ ಮನೆ ಮಾಡಿದರು. ತಟ್ಟೆ ಲೋಟ ಸಾಲದು, ಹೊತ್ತಿಗೆ ಊಟವಿಲ್ಲ. ಒಂದು ಬೆಳಿಗ್ಗೆ ತಿಂಡಿ ಸಿಗದ ಹುಡುಗಿಯೊಬ್ಬಳು ನೀರಾದರೂ ಕುಡಿಯೋಣ ಎಂದು ಬಾವಿಗೆ ಹೋದರೆ ಹಗ್ಗ ಕಿತ್ತುಹೋಗಿತ್ತು. ಈ ಶಾಲೆಯಲ್ಲಿ ಕುಡಿಯಲು ನೀರಿಗೂ ಗತಿಯಿಲ್ಲ ಎಂದು ಆಕೆ ಗೊಣಗಿದ್ದು ಮೇಷ್ಟ್ರ ಕಿವಿಗೇ ಬಿತ್ತು. ಅಷ್ಟು ಕುಗ್ಗಿಸಿದ ಮಾತು ಬೇರೊಂದಿಲ್ಲ ಎಂದು ಬರೆದುಕೊಂಡಿದ್ದಾರೆ. ಹಾಸಿಗೆಯೂ ಅವರದೇ ತಯಾರಿ. ಅಗ್ಗದ ಬಟ್ಟೆಯ ಚೀಲ ಹೊಲಿದು, ಕಾಡಿನಿಂದ ಪೈನ್ ಮರದ ಒಣ ತರಗು ತಂದು ತುಂಬಿದರು.

ಊಟ, ರೂಮು, ಸೌದೆ, ಬಟ್ಟೆ ಒಗೆಯುವುದು ಸೇರಿ ತಿಂಗಳಿಗೆ 8 ಡಾಲರ್. ದುಡಿದಷ್ಟು ಕೂಲಿ ಅದರಲ್ಲಿ ವಜಾ. ಅದೂ ಕಟ್ಟಲಾಗದವರಿಗೆ 1884ರಲ್ಲಿ ರಾತ್ರಿ ಶಾಲೆ ತೆರೆದರು. ಹಗಲು ಹತ್ತು ಗಂಟೆ ಕೆಲಸ, ರಾತ್ರಿ ಎರಡು ಗಂಟೆ ಪಾಠ. ಓದಿದಾಗ ನಮಗೇ ಮೈ ನೋವು ಬಂತು. ಮಕ್ಕಳ ಬೆವರಿನಲ್ಲಿ ಶಾಲೆ ಅಗ್ಗವಾಗಿ ಕಟ್ಟಿತು ಅನ್ನುವವರಿಗೆ ಉತ್ತರ ಕೊಡುವುದು ಸುಲಭವಲ್ಲ. ಡುಬಾಯ್ಸ್ ಎಂಬ ಕಪ್ಪು ವಿದ್ವಾಂಸ 1903ರಲ್ಲೇ ಜಗಳ ತೆಗೆದರು. ಕೈಕೆಲಸ ಕಲಿಸಿದರೆ ಸಾಲದು, ಓಟಿನ ಹಕ್ಕು ಮತ್ತು ಉನ್ನತ ಶಿಕ್ಷಣ ಬಿಟ್ಟುಕೊಡಬಾರದು ಎಂಬುದು ಅವರ ವಾದ. ಆ ವಾದ ಸರಿ ಎಂದೇ ನಮಗೂ ಅನಿಸುತ್ತದೆ. ಆದರೂ ಆ ಗೋಡೆಗೆ ಚಾಕು ತಾಗಿಸಲು ಬಿಡದ ಹುಡುಗರನ್ನು ಮರೆಯಲು ಆಗುವುದಿಲ್ಲ.

1901ರ ಹೊತ್ತಿಗೆ 40 ಕಟ್ಟಡ ಎದ್ದಿದ್ದವು. ನಾಲ್ಕನ್ನು ಬಿಟ್ಟು ಉಳಿದವೆಲ್ಲ ವಿದ್ಯಾರ್ಥಿಗಳ ಕೈಕೆಲಸ. 1985ರಿಂದ ಅದು ಟಸ್ಕೀಗಿ ವಿಶ್ವವಿದ್ಯಾಲಯ.

1896ರಲ್ಲಿ ಅಲ್ಲಿಗೆ ಇನ್ನೊಬ್ಬ ಮೇಷ್ಟ್ರು ಬಂದರು. ಜಾರ್ಜ್ ವಾಷಿಂಗ್ಟನ್ ಕಾರ್ವರ್. ಕಡಲೆಕಾಯಿಯಿಂದ ನೂರಾರು ಪದಾರ್ಥ ಮಾಡಿ ತೋರಿಸಿದವರು ಎಂದರೆ ನಿಮಗೆ ಗೊತ್ತಾದೀತು. ಅವರು ವಿದ್ಯಾರ್ಥಿಯಾಗಿದ್ದಾಗ ಸಹಪಾಠಿಗಳ ಬಟ್ಟೆ ಒಗೆದು ಹೊಟ್ಟೆ ಹೊರೆದಿದ್ದರು. ಆಮೇಲೆ ಅಯೋವಾದ ಕೃಷಿ ಕಾಲೇಜಿಗೆ ಸೇರಿದಾಗ ಊಟದ ಮನೆಯಲ್ಲಿ ಬಿಳಿಯ ಹುಡುಗರ ಜೊತೆ ಕೂರಿಸಲಿಲ್ಲ, ನೆಲಮಾಳಿಗೆಯಲ್ಲಿ ಅಡುಗೆಯವರ ಜೊತೆ ಉಣ್ಣು ಅಂದರು. ಟಸ್ಕೀಗಿಯಲ್ಲಿ ಅವರು ಮನೆ ಕಟ್ಟಲಿಲ್ಲ, ಮದುವೆಯೂ ಆಗಲಿಲ್ಲ. ರಾಕ್‌ಫೆಲರ್ ಹಾಲ್ ಎಂಬ ಹುಡುಗರ ಹಾಸ್ಟೆಲ್‌ನಲ್ಲೇ ಕೋಣೆ ಹಿಡಿದು, ಆ ಮಕ್ಕಳ ನಡುವೆ ದಶಕಗಳ ಕಾಲ ಉಳಿದರು.