ಆಕಾಶಯಾನದಲ್ಲಿ ಶಿಶುವಿನ ಸ್ಥಾನ

ಲಂಕೆಯಿಂದ ಅಯೋಧ್ಯೆಗೆ ಶ್ರೀರಾಮನನ್ನು ಕರೆತಂದ ಪುಷ್ಪಕವಿಮಾನದಲ್ಲಿ ಎಷ್ಟು ಮಂದಿ ಏರಿದರೂ ಇನ್ನೊಬ್ಬರಿಗೆ ಸ್ಥಳವು ಉಳಿದೇ ಇರುತ್ತಿತ್ತೆಂಬುದು ಪುರಾಣಶ್ರವಣ ನಡೆದ ಮನೆಗಳಲ್ಲೆಲ್ಲ ಪ್ರಸಿದ್ಧವಾದ ಮಾತು. ಆ ದಿವ್ಯವಿಮಾನದಲ್ಲಿ ಆಸನಗಳನ್ನೆಣಿಸುವ ಪ್ರಮೇಯವೇ ಇರಲಿಲ್ಲ. ಮನುಷ್ಯನು ಯಂತ್ರಬಲದಿಂದ ನಿರ್ಮಿಸಿದ ವಿಮಾನದ ಸಂಗತಿ ಹಾಗಲ್ಲ. ಅಲ್ಲಿ ಭಾರಕ್ಕೆ ಲೆಕ್ಕವುಂಟು, ಆಸನಕ್ಕೆ ಲೆಕ್ಕವುಂಟು, ಆಸನಕ್ಕೆ ಬೆಲೆಯೂ ಉಂಟು. ಈ ಲೆಕ್ಕದಲ್ಲಿ ಎರಡು ವರ್ಷ ತುಂಬದ ಶಿಶುವು ಎಲ್ಲಿ ಸೇರತಕ್ಕದ್ದು? ಅದು ತಾನೇ ಒಬ್ಬ ಪ್ರಯಾಣಿಕನೋ, ಅಥವಾ ತಾಯಿಯ ಮಡಿಲಿನ ಒಂದು ಭಾಗವೋ? ವಿಮಾನಯಾನದ ಚರಿತ್ರೆಯು ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಟ್ಟಿದೆ. ನಿರ್ಣಾಯಕವಾದ ಉತ್ತರವು ಇಂದಿಗೂ ದೊರೆತಿಲ್ಲ.

ಆಶ್ಚರ್ಯದ ವಿಷಯವೇನೆಂದರೆ, ಆಕಾಶವನ್ನೇರಿದವರ ಸಾಲಿನಲ್ಲಿ ಬಾಲಕರು ಮೊದಲಿನಿಂದಲೂ ಇದ್ದಾರೆ. 1784ರ ಜೂನ್ ತಿಂಗಳಲ್ಲಿ ಅಮೆರಿಕದ ಬಾಲ್ಟಿಮೋರ್ ಪಟ್ಟಣದಲ್ಲಿ ಪೀಟರ್ ಕಾರ್ನ್ಸ್ ಎಂಬಾತನು ಹಗ್ಗದಿಂದ ಬಿಗಿದ ಬಿಸಿಗಾಳಿಯ ಬುಗ್ಗೆಯನ್ನು ಹಾರಿಸಿದಾಗ, ಸ್ಥೂಲಕಾಯನಾದ ಆತನನ್ನು ಅದು ಹೊರಲಾರದೆ ಹೋಯಿತು. ಹದಿಮೂರು ವರ್ಷದ ಎಡ್ವರ್ಡ್ ವಾರನ್ ಎಂಬ ಹುಡುಗನು ಮುಂದೆ ಬಂದು ಅದರಲ್ಲಿ ಕುಳಿತು ಮೇಲಕ್ಕೇರಿದನು. 1849ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಸರ್ ಜಾರ್ಜ್ ಕೇಲಿಯು, ಎಂಜಿನಿಲ್ಲದೆ ರೆಕ್ಕೆಯ ಬಲದಿಂದಲೇ ತೇಲುವ ತನ್ನ ಯಂತ್ರದಲ್ಲಿ ಸುಮಾರು ಹತ್ತು ವರ್ಷದ ಹುಡುಗನೊಬ್ಬನನ್ನು ಕೂರಿಸಿ ಕೆಲವು ಗಜಗಳ ದೂರ ತೇಲಿಸಿದನು. ರೈಟ್ ಸಹೋದರರು 1903ರಲ್ಲಿ ಹಾರುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆ ನಡೆದ ಸಂಗತಿಯಿದು. ಕೇಲಿಯ ಹೆಸರು ಶಾಸ್ತ್ರಗ್ರಂಥಗಳಲ್ಲಿ ನಿಂತಿತು. ಆ ಹುಡುಗನ ಹೆಸರನ್ನು ಯಾರೂ ಬರೆದಿಡಲಿಲ್ಲ. ಈ ಬಾಲಕರಿಗೆ ಸ್ಥಾನವು ದೊರೆತದ್ದು ಅವರ ಭಾರವು ಕಡಮೆಯೆಂಬ ಕಾರಣದಿಂದ.

1919ರಲ್ಲಿ ಲಂಡನ್ ಪ್ಯಾರಿಸ್ ನಗರಗಳ ನಡುವೆ ಪ್ರತಿದಿನದ ವಿಮಾನಸಂಚಾರವು ಮೊದಲಾಯಿತು. ಆ ಕಾಲದ ವಿಮಾನಗಳಲ್ಲಿ ಎಂಜಿನಿನ ಆರ್ಭಟವೂ ಚಳಿಯೂ ಅಲುಗಾಟವೂ ಅಪಾರವಾಗಿದ್ದು, ಗಟ್ಟಿಮುಟ್ಟಾದ ದೊಡ್ಡವರೇ ವಾಂತಿಯಿಂದ ಬಳಲುತ್ತಿದ್ದರು. ಕೂಸುಗಳ ಪಾಡನ್ನು ಹೇಳಬೇಕಾದುದಿಲ್ಲ. ಈ ಸ್ಥಿತಿಯನ್ನು ಸುಧಾರಿಸುವುದಕ್ಕೆ ಕಾರಣಳಾದವಳು ಎಲೆನ್ ಚರ್ಚ್ ಎಂಬ ಶುಶ್ರೂಷಕಿ. ವಿಮಾನ ನಡೆಸುವ ವಿದ್ಯೆಯನ್ನೂ ಕಲಿತಿದ್ದ ಆಕೆಯು, ಪ್ರಯಾಣಿಕರ ಆರೈಕೆಗೆ ದಾದಿಯರನ್ನು ನೇಮಿಸಬೇಕೆಂದು ಬೋಯಿಂಗ್ ಸಾರಿಗೆ ಕಂಪೆನಿಯನ್ನು ಒಪ್ಪಿಸಿ, 1930ರ ಮೇ 15ರಂದು ಪಶ್ಚಿಮತೀರದಿಂದ ಷಿಕಾಗೋ ನಗರದ ಕಡೆಗೆ ಹೊರಟ ವಿಮಾನದಲ್ಲಿ ತಾನೇ ಪ್ರಥಮ ಪರಿಚಾರಿಕೆಯಾದಳು. ಮೊದಲು ನೇಮಕಗೊಂಡ ಎಂಟು ಮಂದಿಯೂ ದಾದಿಯರೇ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ದಾದಿಯರು ಬೇಕಾದಾಗ ಈ ನಿಬಂಧನೆಯು ಸಡಿಲವಾಯಿತು. ಅಷ್ಟರಲ್ಲಿ, ಹಸುಳೆಯೊಡನೆ ಬಂದ ತಾಯಿಗೆ ವಿಮಾನದಲ್ಲಿ ನೆರವಾಗತಕ್ಕವರೊಬ್ಬರು ಇರಬೇಕೆಂಬ ವಾಡಿಕೆಯು ಬೇರೂರಿತ್ತು.

ಮಕ್ಕಳಿಗೆ ಮುಖ್ಯವಾದ ಬಾಧೆಯು ಕಿವಿಯ ನೋವು. ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ಹೊರಗಿನ ಗಾಳಿಯ ಒತ್ತಡವು ಬದಲಾದಾಗ ಒಳಗಿನ ಒತ್ತಡವನ್ನು ಅದು ಸರಿದೂಗಿಸುತ್ತದೆ. ಶಿಶುಗಳಲ್ಲಿ ಈ ನಾಳವು ಕಿರಿದಾಗಿಯೂ ಹೆಚ್ಚು ಅಡ್ಡಲಾಗಿಯೂ ಇರುವುದರಿಂದ ಸುಲಭವಾಗಿ ತೆರೆಯದು. ನುಂಗುವ ಕ್ರಿಯೆಯಿಂದ ಅದು ತೆರೆಯುತ್ತದೆ. ಆದುದರಿಂದಲೇ ವಿಮಾನವು ಕೆಳಗಿಳಿಯುವಾಗ ಕೂಸಿಗೆ ಹಾಲೂಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಒಳಗಿನ ಗಾಳಿಯ ಒತ್ತಡವನ್ನು ಯಂತ್ರದಿಂದ ಕಾಪಾಡುವ ಪ್ರಥಮ ಪ್ರಯಾಣಿಕ ವಿಮಾನವಾದ ಬೋಯಿಂಗ್ 307 ಎಂಬುದು 1940ರಲ್ಲಿ ಸಂಚಾರಕ್ಕೆ ಬಂದಿತು. ಹದಿನಾಲ್ಕು ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿ ಹಾರುತ್ತಿದ್ದಾಗಲೂ ಅದರ ಒಳಗಡೆ ಎಂಟು ಸಾವಿರ ಅಡಿಯ ಬೆಟ್ಟದ ಮೇಲಿರುವಷ್ಟು ಗಾಳಿಯಿರುತ್ತಿತ್ತು. ಮೋಡಗಳ ಕ್ಷೋಭೆಗೆ ಮೇಲಾಗಿ ಸಾಗುವ ಅನುಕೂಲವು ಇದರಿಂದ ದೊರೆತು, ಕೈಗೂಸಿನೊಡನೆ ದೂರಪ್ರಯಾಣ ಮಾಡುವುದು ಸಾಧ್ಯವಾಯಿತು.

ಯುದ್ಧಾನಂತರದ ವರ್ಷಗಳಲ್ಲಿ ಕಂಪೆನಿಗಳು ಮಕ್ಕಳನ್ನು ಆದರಿಸತೊಡಗಿದವು. ಬ್ರಿಟಿಷರ ಬಿ.ಒ.ಎ.ಸಿ. ಸಂಸ್ಥೆಯ ವಿಮಾನಗಳಲ್ಲಿ ಶಿಶುಗಳಿಗೆ ತೂಗುತೊಟ್ಟಿಲುಗಳು ಬಂದವು. 1957ರಲ್ಲಿ ಅದೇ ಸಂಸ್ಥೆಯು ಬಾಲಪ್ರಯಾಣಿಕರ ಸಂಘವೊಂದನ್ನು ಸ್ಥಾಪಿಸಿ, ಹಾರಿದ ಮೈಲಿಗಳನ್ನು ಬರೆದಿಡುವ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟಿತು. ವಿಮಾನದ ನಾಯಕನೇ ಅದರಲ್ಲಿ ರುಜು ಹಾಕುತ್ತಿದ್ದನು. ಆದರೂ ತೊಟ್ಟಿಲು ಕೇವಲ ನಿದ್ರೆಗಾಗಿ. ವಿಮಾನವು ನೆಲ ಬಿಡುವಾಗಲೂ ನೆಲಕ್ಕಿಳಿಯುವಾಗಲೂ ಶಿಶುವನ್ನು ಅದರಿಂದ ತೆಗೆದು ಮಡಿಲಿಗೆ ತಂದುಕೊಳ್ಳಬೇಕು. ಅಪಾಯದ ಸಂಭವವು ಹೆಚ್ಚಾಗಿರುವ ಗಳಿಗೆಗಳೇ ಅವು ಎಂಬುದನ್ನು ವಾಚಕರು ಗಮನಿಸತಕ್ಕದ್ದು.

ಇದು ಹಣ ಕೊಟ್ಟು ಪ್ರಯಾಣ ಮಾಡಿದವರ ಸಂಗತಿ. ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ವಿಮಾನವೇರಿದ ಮಕ್ಕಳ ಚರಿತ್ರೆಯು ಬೇರೆಯಾದುದು. 1947ರ ಕೊನೆಯಲ್ಲಿ ಶತ್ರುಗಳು ಸುತ್ತುವರಿದಿದ್ದ ಪೂಂಚ್ ಪಟ್ಟಣದಲ್ಲಿ, ಅವಸರದಿಂದ ಸಮಮಾಡಿದ ನೆಲದ ಮೇಲೆ ಮೆಹರ್ ಸಿಂಗನು ಡಕೋಟಾ ವಿಮಾನವನ್ನಿಳಿಸಿದನು. ಮುಂದೆ ಅಲ್ಲಿಗೆ ಸಾಮಗ್ರಿಯನ್ನು ಒಯ್ದ ವಿಮಾನಗಳು ಹಿಂದಿರುಗುವಾಗ ನಿರಾಶ್ರಿತರನ್ನು ಹೊತ್ತು ತಂದವು. 1948ರಲ್ಲಿ ಬರ್ಲಿನ್ ನಗರದ ದಾರಿಗಳು ಮುಚ್ಚಲ್ಪಟ್ಟಾಗ, ಉಪ್ಪನ್ನು ತುಂಬಿಕೊಂಡು ಬಂದು ಹಾವೆಲ್ ನೀರಿನ ಮೇಲಿಳಿಯುತ್ತಿದ್ದ ಬ್ರಿಟಿಷರ ಜಲವಿಮಾನಗಳು ಕೃಶರಾದ ಮಕ್ಕಳನ್ನು ಹೊರಗೆ ಸಾಗಿಸಿದವು. 1960ರಿಂದ 1962ರವರೆಗೆ ಕ್ಯೂಬಾ ದೇಶದಿಂದ 14,000ಕ್ಕೂ ಹೆಚ್ಚು ಮಕ್ಕಳು ತಂದೆತಾಯಿಗಳಿಲ್ಲದೆ ಅಮೆರಿಕಕ್ಕೆ ಹಾರಿದರು. 1990ರಲ್ಲಿ ಕುವೈತಿನ ಮೇಲೆ ದಂಡಯಾತ್ರೆಯಾದಾಗ, ಏರ್ ಇಂಡಿಯಾ ಮೊದಲಾದ ವಿಮಾನಗಳು 59 ದಿವಸಗಳಲ್ಲಿ 488 ಯಾನಗಳನ್ನು ನಡೆಸಿ ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ಮಕ್ಕಳು ಮರಿಗಳೊಡನೆ ಅಮ್ಮಾನ್ ನಗರದಿಂದ ಸ್ವದೇಶಕ್ಕೆ ತಂದವು. 1991ರ ಮೇ ತಿಂಗಳಲ್ಲಿ ಇಥಿಯೋಪಿಯದ ಯೆಹೂದ್ಯರನ್ನು ಇಸ್ರೇಲಿಗೆ ಕರೆತಂದಾಗ, ಒಂದೇ ವಿಮಾನದಲ್ಲಿ ಸಾವಿರಕ್ಕೂ ಹೆಚ್ಚು ಜನರು ಹಿಡಿಸಿದರಲ್ಲದೆ, ಹಾರುತ್ತಿದ್ದ ಅದರಲ್ಲೇ ಎರಡು ಶಿಶುಗಳು ಜನಿಸಿದವು. ಪುಷ್ಪಕದ ಮಾತು ಅಂದು ಅಕ್ಷರಶಃ ನಿಜವಾಯಿತು. ಇಂಥ ಆಪತ್ಕಾಲದಲ್ಲಿ ಮಡಿಲು ಸಾಲದೆಂದು ಯಾರೂ ಹೇಳಲಾರರು.

ಆದರೆ ಆಪದ್ಧರ್ಮವು ನಿತ್ಯಧರ್ಮವಾಗಲಾರದು. ವಿಮಾನಕಂಪೆನಿಗಳ ಸಾಮಾನ್ಯ ಪದ್ಧತಿಯಲ್ಲಿ ಎರಡು ವರ್ಷದೊಳಗಿನ ಶಿಶುವಿಗೆ ಪ್ರತ್ಯೇಕ ಆಸನವಿಲ್ಲ. ಪರದೇಶಯಾನದಲ್ಲಿ ದೊಡ್ಡವರ ದರದ ಶೇಕಡ 10ರಷ್ಟನ್ನು ಪಡೆಯುವುದು ರೂಢಿ. ಈ ಏರ್ಪಾಡಿನ ದೋಷವು 1989ರ ಜುಲೈ 19ರಂದು ಲೋಕಕ್ಕೆಲ್ಲ ಗೋಚರವಾಯಿತು. ಅಂದು ಅಮೆರಿಕದಲ್ಲಿ 296 ಜನರನ್ನು ಹೊತ್ತಿದ್ದ ಡಿ.ಸಿ.-10 ವಿಮಾನದ ಹಿಂದಿನ ಎಂಜಿನು ಒಡೆದು, ಚುಕ್ಕಾಣಿಯ ವ್ಯವಸ್ಥೆಯೆಲ್ಲ ನಿಂತುಹೋಯಿತು. ಉಳಿದೆರಡು ಎಂಜಿನುಗಳ ವೇಗವನ್ನು ಹೆಚ್ಚುಕಡಮೆ ಮಾಡುತ್ತ ಚಾಲಕರು ಅದನ್ನು ಸೂ ಸಿಟಿಯವರೆಗೂ ತಂದರು. ಅದರಲ್ಲಿ ಆಸನವಿಲ್ಲದ ನಾಲ್ಕು ಶಿಶುಗಳಿದ್ದವು. ಮುಖ್ಯ ಪರಿಚಾರಿಕೆಯಾದ ಜಾನ್ ಬ್ರೌನ್ ಎಂಬಾಕೆಯು, ನಿಯಮಾನುಸಾರವಾಗಿ, ಕೂಸುಗಳನ್ನು ಹೊದಿಕೆ ದಿಂಬುಗಳ ನಡುವೆ ಕಾಲ ಬಳಿ ನೆಲದ ಮೇಲೆ ಮಲಗಿಸಿ ಹಿಡಿದುಕೊಳ್ಳಿರೆಂದು ತಾಯಿತಂದೆಗಳಿಗೆ ಹೇಳಿದಳು. ವಿಮಾನವು ನೆಲಕ್ಕಪ್ಪಳಿಸಿ ಹೋಳಾಯಿತು. 184 ಮಂದಿ ಬದುಕಿದರು. ನಾಲ್ಕು ಶಿಶುಗಳಲ್ಲಿ ಮೂರು ಉಳಿದವು, ಒಂದು ಉಳಿಯಲಿಲ್ಲ. ಬದುಕಿ ಹೊರಬಂದ ಆ ಕೂಸಿನ ತಾಯಿಯು, ಮಗುವನ್ನು ನೆಲದ ಮೇಲಿಡಲು ಹೇಳಿದವಳು ನೀನಲ್ಲವೇ ಎಂದು ಬ್ರೌನಳೆದುರಿಗೆ ನಿಂತಾಗ, ಆಕೆಯ ಬಳಿ ಉತ್ತರವಿರಲಿಲ್ಲ. ಶಿಶುವಿಗೂ ಸ್ವಂತ ಆಸನವೂ ಪಟ್ಟಿಯೂ ಕಡ್ಡಾಯವಾಗಬೇಕೆಂದು ವಾದಿಸುವುದರಲ್ಲಿ ಬ್ರೌನಳು ಮುಂದಿನ ಆಯುಷ್ಯವನ್ನು ಸವೆಯಿಸಿದಳು.

ಆಕೆಯ ವಾದಕ್ಕೆ ಗಣಿತವೇ ಸಾಕ್ಷಿ. ಹತ್ತು ಕಿಲೋ ತೂಕದ ಮಗುವು, ಭೂಮಿಯ ಆಕರ್ಷಣೆಯ ಹತ್ತರಷ್ಟು ಬಲದ ಹೊಡೆತದಲ್ಲಿ, ತಾಯಿಯ ಕೈಗಳಿಗೆ ನೂರು ಕಿಲೋ ಆಗುತ್ತದೆ. ವಾತ್ಸಲ್ಯವು ಎಷ್ಟೇ ದೊಡ್ಡದಾದರೂ ತೋಳುಗಳು ಆ ಭಾರವನ್ನು ತಡೆಯಲಾರವು. ತನ್ನ ಪಟ್ಟಿಯೊಳಗೇ ಮಗುವನ್ನೂ ಸೇರಿಸಿಕೊಂಡರೆ ತಾಯಿಯ ದೇಹದ ಭಾರವೇ ಅದನ್ನು ಜಜ್ಜುವ ಭಯವಿದೆ.

1990ರಲ್ಲಿ ಅಮೆರಿಕದ ಅಪಘಾತವಿಚಾರಣೆಯ ಮಂಡಲಿಯು ಬ್ರೌನಳ ಮತವನ್ನೇ ಶಿಫಾರಸು ಮಾಡಿತು. ಆದರೂ 2005ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆಯು ಕಡ್ಡಾಯ ಮಾಡುವುದಿಲ್ಲವೆಂದು ತೀರ್ಮಾನಿಸಿತು. ಅದರ ತರ್ಕವು ಹೀಗೆ: ಶಿಶುವಿಗೂ ಪೂರ್ಣ ದರ ಕೊಡಬೇಕಾದರೆ ಅನೇಕ ಸಂಸಾರಗಳು ವಿಮಾನವನ್ನು ಬಿಟ್ಟು ಮೋಟಾರು ಹತ್ತುವವು, ರಸ್ತೆಯು ಆಕಾಶಕ್ಕಿಂತ ಬಹಳ ಅಪಾಯಕರವಾದುದರಿಂದ, ಒಂದು ಪ್ರಾಣವನ್ನುಳಿಸಲು ಹೋಗಿ ಹೆಚ್ಚು ಪ್ರಾಣಗಳನ್ನು ಕಳೆದಂತಾದೀತು. ಈ ತರ್ಕವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ಅಡ್ಡಿಯು ಹಣದ್ದೇ ಆದಲ್ಲಿ, ಶಿಶುವಿನ ಆಸನದ ಬೆಲೆಯನ್ನು ಇಳಿಸುವ ಮೂರನೆಯ ಮಾರ್ಗವೂ ಉಂಟಷ್ಟೆ. ಆಸನವನ್ನು ಕೊಳ್ಳುವುದು ಶ್ರೇಯಸ್ಕರವೆಂದು ಅದೇ ಇಲಾಖೆಯು ಉಪದೇಶಿಸುತ್ತದೆ. ಉಪದೇಶವು ಉಳ್ಳವರಿಗೆ ಮಾತ್ರ ಉಪಯೋಗವಾಗುತ್ತದೆ.

ಈ ವಿಚಾರವು ಕನ್ನಡನಾಡಿನ ಮನೆಗಳಿಗೆ ಈಗ ದೂರದ್ದಲ್ಲ. 1946ರಲ್ಲಿ ಡೆಕ್ಕನ್ ಏರ್‌ವೇಸ್ ವಿಮಾನಗಳು ಬೆಂಗಳೂರಿಗೆ ಬರತೊಡಗಿದವು. 1951ರ ಡಿಸೆಂಬರ್ 25ರಂದು ಜವಾಹರಲಾಲ ನೆಹರೂ ಅವರು ಡಕೋಟಾದಲ್ಲಿ ಬಂದಿಳಿದು ಮಂಗಳೂರಿನ ಬಜಪೆ ನಿಲ್ದಾಣವನ್ನು ಆರಂಭಿಸಿದರು. 2021ರ ಜನವರಿಯಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಿಂದ ಎಲ್ಲಿಯೂ ನಿಲ್ಲದೆ ಹೊರಟ ವಿಮಾನವು, ಮಹಿಳೆಯರೇ ಚಾಲಕರಾಗಿ, ಬೆಂಗಳೂರನ್ನು ಮುಟ್ಟಿತು. ಅಜ್ಜಿಯ ಮುಖವನ್ನು ಕಾಣುವುದಕ್ಕೆ ಸಮುದ್ರಗಳನ್ನು ದಾಟಿ ಬರುವ ಮೊಮ್ಮಕ್ಕಳು ಇಂದು ಊರೂರಿನಲ್ಲಿಯೂ ಇದ್ದಾರೆ. ಅವರನ್ನು ಎದುರುಗೊಳ್ಳುವ ಮನೆಯವರು ಟಿಕೆಟ್ಟಿನ ಬೆಲೆಯನ್ನು ವಿಚಾರಿಸುವಂತೆ, ಕೂಸು ಎಲ್ಲಿ ಕುಳಿತು ಬರುತ್ತದೆಂಬುದನ್ನೂ ವಿಚಾರಿಸುವುದು ಉಚಿತ. ಪುಷ್ಪಕದಲ್ಲಿ ಸದಾ ಉಳಿದಿರುತ್ತಿದ್ದ ಆ ಒಂದು ಸ್ಥಳವನ್ನು, ಮನುಷ್ಯನ ವಿಮಾನದಲ್ಲಿ ಮನುಷ್ಯರೇ ಬಿಟ್ಟುಕೊಡಬೇಕಾಗಿದೆ.