ಪಕ್ಕದಲ್ಲಿ ಜಾಗ ಇಲ್ಲ ಅಂದ್ರೆ ರಿಯಾಕ್ಷನ್ ಆಗಲ್ಲ (ಕೆಮಿಸ್ಟ್ರಿ ಪದಗಳ ಕಥೆ, ಭಾಗ 4)

ಇವತ್ತಿನ ಪದ ಸ್ಟೆರಿಕ್ ಹಿಂಡ್ರನ್ಸ್. ಸೈನ್ಸ್ ಫ್ರೆಂಡ್ಸ್‌ಗೆ ಇದು ಎರಡು ಮಾರ್ಕ್ಸಿನ ಪ್ರಶ್ನೆ. ಬಿಕಾಂ ಓದೋ ನಾನು ಯಾಕೆ ಬರೀತಿದೀನಿ ಅಂದ್ರೆ, ಈ ಪದದ ಹಿಂದೆ ಇದ್ದ ಒಬ್ಬರು ಮೈಸೂರು ಸಂಸ್ಥಾನದ ವ್ಯಾಪಾರದ ಕಥೆಯಲ್ಲೂ ಬರ್ತಾರೆ.

ಮೊದಲು ಎಸ್ಟರ್. ಆಸಿಡ್ಡೂ ಆಲ್ಕೋಹಾಲೂ ಸೇರಿ, ನೀರು ಬಿಟ್ಟು ಆಗೋ ವಸ್ತು. ದೂರ ಹೋಗ್ಬೇಡಿ, ನಮ್ಮ ಹೊನ್ನವಳ್ಳಿ ಕಡೆ ತಲೆಗೆ ಹಚ್ಕೊಳ್ಳೋ ಕೊಬ್ಬರಿ ಎಣ್ಣೆನೇ ಎಸ್ಟರ್. ಒಂದು ಗ್ಲಿಸರಾಲ್‌ಗೆ ಮೂರು ಫ್ಯಾಟಿ ಆಸಿಡ್ ಅಂಟ್ಕೊಂಡಿರುತ್ತೆ. ಅದ್ರಲ್ಲಿ ಹತ್ತಿರ ಹತ್ತಿರ ಅರ್ಧ ಲಾರಿಕ್ ಆಸಿಡ್, 12 ಕಾರ್ಬನ್ನಿಂದು.

1894. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ವಿಕ್ಟರ್ ಮೇಯರ್, ಜಾನ್ ಜೋಸೆಫ್ ಸಡ್‌ಬರೋ ಜೊತೆ ಸೇರಿ ಬೆನ್ಜೋಯಿಕ್ ಆಸಿಡ್ ಬಗ್ಗೆ ಪ್ರಬಂಧ ಬರೆದ್ರು. ಈ ಆಸಿಡ್‌ನ ಮೆಥನಾಲ್‌ನಲ್ಲಿ ಕರಗಿಸಿ ಹೈಡ್ರೋಜನ್ ಕ್ಲೋರೈಡ್ ಬಿಟ್ರೆ ಎಸ್ಟರ್ ಸಲೀಸಾಗಿ ಆಗುತ್ತೆ. ಆದ್ರೆ ಆಸಿಡ್ ಗುಂಪಿನ ಎಡಕ್ಕೂ ಬಲಕ್ಕೂ ಬೇರೆ ಗುಂಪುಗಳು ಕೂತಿದ್ರೆ ಹೆಚ್ಚುಕಮ್ಮಿ ಏನೂ ಆಗಲ್ಲ. ತಿಪಟೂರು ಬಸ್ಸಲ್ಲಿ ಮಧ್ಯದ ಸೀಟಿನವನ ಎರಡೂ ಪಕ್ಕ ಕೊಬ್ಬರಿ ಚೀಲ ಇಟ್ಟಂಗೆ ಕಣ್ರೋ, ಟಿಕೆಟ್ ಕೊಡೋಕೆ ಕಂಡಕ್ಟರ್ ಕೈನೇ ಹೋಗಲ್ಲ. ಅದೇ ಆಸಿಡ್ ಗುಂಪನ್ನ ಉಂಗುರದಿಂದ ಒಂದು ಕಾರ್ಬನ್ ದೂರ ಇಟ್ರೆ? ಮತ್ತೆ ಎಸ್ಟರ್ ಆಗುತ್ತೆ. ಅಂದ್ರೆ ತೊಂದರೆ ಆಸಿಡ್ಡಿನ ಗುಣದ್ದಲ್ಲ, ಜಾಗದ್ದು. ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಪ್ರಯೋಗ ಇದು. ಆಮೇಲೆ ಸಡ್‌ಬರೋ, ಯಾವ ಆಸಿಡ್ ಎಷ್ಟು ವೇಗದಲ್ಲಿ ಎಸ್ಟರ್ ಆಗುತ್ತೆ ಅಂತ ಅಳೆಯೋ ಕೆಲಸ ಮುಂದುವರಿಸಿದ್ರು.

ಈಗ ಬೆಂಗಳೂರು. 1909ರಲ್ಲಿ ಹುಟ್ಟಿದ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಈಗಿನ ಐಐಎಸ್‌ಸಿ) ಆರ್ಗ್ಯಾನಿಕ್ ಕೆಮಿಸ್ಟ್ರಿ ಪ್ರೊಫೆಸರ್ ಆಗಿ ಬಂದವರು ಇದೇ ಸಡ್‌ಬರೋ. ಆಗ ನಮ್ಮ ಗಂಧದ ಮರ ಕಟ್ಟಿಗೆಯಾಗೇ ಯುರೋಪಿಗೆ, ಅದ್ರಲ್ಲೂ ಜರ್ಮನಿಗೆ ಹೋಗ್ತಿತ್ತು. ಎಣ್ಣೆ ತೆಗೆಯೋರು ಅವರು, ಲಾಭಾನೂ ಅವರದ್ದೇ. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಮಾಲು ಇದೆ, ಕೊಳ್ಳೋರಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಸಡ್‌ಬರೋ ಮತ್ತು ವಾಟ್ಸನ್ ಇನ್‌ಸ್ಟಿಟ್ಯೂಟಲ್ಲಿ ಗಂಧದೆಣ್ಣೆ ಭಟ್ಟಿ ಇಳಿಸೋದನ್ನ ಪ್ರಯೋಗ ಮಾಡಿ ತೋರಿಸಿದ್ರು. 1916ರಲ್ಲಿ ಬೆಂಗಳೂರಲ್ಲೇ ಕಾರ್ಖಾನೆ ಬಂತು. ಜರ್ಮನಿಯ ಪ್ರಯೋಗಾಲಯದ ಜೊತೆ ಹೆಸರು ಮಾಡಿದವರೇ ಜರ್ಮನಿಗೆ ಹೋಗ್ತಿದ್ದ ವ್ಯಾಪಾರಾನ ಇಲ್ಲಿ ನಿಲ್ಲಿಸಿಕೊಟ್ರು!

ನಮ್ಮ ಉಂಡೆ ಕೊಬ್ಬರಿ ಇವತ್ತಿಗೂ ಚೀಲ ತುಂಬ್ಕೊಂಡು ಉತ್ತರ ಭಾರತಕ್ಕೆ ಹೋಗುತ್ತೆ. ಅದು ತಿನ್ನೋ ಮಾಲು, ಎಣ್ಣೆಗಲ್ಲ, ಹಾಗಾಗಿ ಗಂಧದ ಹೋಲಿಕೆ ಪೂರ್ತಿ ಒಪ್ಪಲ್ಲ. ಆದ್ರೂ ತಿಪಟೂರಿನ ರೇಟು ದೂರದ ಊರಿನ ಕೊಳ್ಳೋರ ಮೇಲೆ ನಿಂತಿರೋದು ಇಲ್ಲಿ ಅಟ್ಟ ಇರೋ ಪ್ರತಿ ಮನೆಗೂ ಗೊತ್ತು.

ಎಣ್ಣೆ ಸಿಕ್ಕಿದ ಮೇಲೆ ಸಾಬೂನು. ಎಸ್. ಜಿ. ಶಾಸ್ತ್ರಿ ಇಂಗ್ಲೆಂಡಿಗೆ ಹೋಗಿ ಕಲಿತು ಬಂದು ಮೈಸೂರು ಸ್ಯಾಂಡಲ್ ತಯಾರಿಸಿದ ಆ ಕಥೆ ಭಾಗ 5ರಲ್ಲಿ. ಅಷ್ಟರಲ್ಲಿ ಮನೇಲಿರೋ ಸೋಪಿನ ಡಬ್ಬಿ ಮೇಲಿನ ಪ್ರಾಣಿ ಯಾವುದು ಅಂತ ನೋಡಿ ಕಾಮೆಂಟ್ ಹಾಕಿ.