ಕೋಟೆಯ ಮಾತು, ಪೇಟೆಯ ಮಾತು

ಕೋಟೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವನ್ನು ಕಟ್ಟಿಸಿದ ಅರಸರ ಹೆಸರನ್ನೂ ಮುತ್ತಿದ ದಂಡಿನ ಲೆಕ್ಕವನ್ನೂ ಹೇಳಿ ಮುಗಿಸುವುದುಂಟು. ಕೋಟೆಯ ಒಂದೊಂದು ಅಂಗಕ್ಕೆ ಜನರು ಇಟ್ಟ ಹೆಸರುಗಳಲ್ಲಿಯೂ ಒಂದು ಚರಿತ್ರೆ ಅಡಗಿದೆ. ಗೋಡೆಗಳು ಬಿದ್ದು, ಅಗಳುಗಳು ಮುಚ್ಚಿ, ಅವುಗಳ ಮೇಲೆ ಬೀದಿಗಳು ಹಾದುಹೋದ ಊರುಗಳಲ್ಲಿಯೂ ಆ ಹೆಸರುಗಳು ನಮ್ಮ ನಾಲಗೆಯ ಮೇಲೆ ಉಳಿದುಕೊಂಡಿವೆ. ಈ ಹೊತ್ತು ನಾವು ಅವುಗಳಲ್ಲಿ ಕೆಲವನ್ನು ವಿಚಾರಿಸೋಣ.

ಸಂಸ್ಕೃತದ ‘ದುರ್ಗ’ವೆಂಬ ಮಾತಿಗೆ ಗೋಡೆಯೆಂಬ ಅರ್ಥವೇ ಇಲ್ಲ, ಹೋಗಲು ಕಷ್ಟವಾದದ್ದು ಎಂದಷ್ಟೇ ಅದರ ಮೂಲಾರ್ಥ. ಗೀತೆಯ ಕೊನೆಯ ಅಧ್ಯಾಯದಲ್ಲಿ ದುರ್ಗವೆಂದರೆ ದಾಟಬೇಕಾದ ಸಂಕಟ. ಕೌಟಿಲ್ಯನು ರಾಜ್ಯದ ಏಳು ಅಂಗಗಳಲ್ಲಿ ದುರ್ಗವನ್ನೂ ಒಂದೆಂದು ಎಣಿಸಿ, ನೀರು, ಬೆಟ್ಟ, ಮರುಭೂಮಿ, ಕಾಡು ಎಂಬ ನಾಲ್ಕರಿಂದ ಅದು ನಾಲ್ಕು ಬಗೆಯಾಗುತ್ತದೆಂದು ಹೇಳಿದನು. ಅವನ ಅರ್ಥಶಾಸ್ತ್ರವು ಲೋಕಕ್ಕೆ ಮತ್ತೆ ದೊರೆತದ್ದು ಮೈಸೂರಿನಲ್ಲಿಯೇ, ಆರ್. ಶಾಮಶಾಸ್ತ್ರಿಗಳು ಅದನ್ನು ೧೯೦೯ರಲ್ಲಿ ಅಚ್ಚುಹಾಕಿಸಿದರು. ಮನುವು ಹೇಳುವ ಆರು ದುರ್ಗಗಳಲ್ಲಿ ‘ನೃದುರ್ಗ’ವೆಂಬುದೊಂದು ಬರುತ್ತದೆ. ಮನುಷ್ಯರೇ ಕೋಟೆಯಾಗಿ ನಿಲ್ಲುವುದೆಂದು ಅದರ ತಾತ್ಪರ್ಯ. ಈ ಮಾತನ್ನು ಕೇಳುವವರು ನೆನಪಿನಲ್ಲಿಟ್ಟಿರಬೇಕು.

ಕೌಟಿಲ್ಯನ ಕೋಟೆಗೆ ಮೂರು ಸುತ್ತು ಅಗಳು. ಅವುಗಳಿಂದ ತೆಗೆದ ಮಣ್ಣನ್ನೇ ಒಳಗಡೆ ರಾಶಿಹಾಕಿ, ಆನೆ ಎತ್ತುಗಳಿಂದ ತುಳಿಸಿ ಗಟ್ಟಿಮಾಡಬೇಕೆಂದು ಅವನ ವಿಧಿ. ಅಂದಮೇಲೆ ಹಳ್ಳವೂ ಗೋಡೆಯೂ ಒಂದೇ ಗುದ್ದಲಿಯ ಕೆಲಸ. ನಮ್ಮ ಮಾತೂ ಇದನ್ನೇ ಹೇಳುತ್ತದೆ. ‘ಅಗಳು’ ಎಂಬುದು ಅಗೆಯುವುದಕ್ಕೆ ಸಂಬಂಧಪಟ್ಟ ಶಬ್ದ. ತಮಿಳಿನ ‘ಅಗಳಿ’ಯೂ ಅದರ ಬಳಗವೇ. ‘ಕಂದಕ’ವಾದರೋ ಅರಬ್ಬಿಯ ‘ಖಂದಕ್’ ಎಂಬುದರ ಮೂಲಕ ಬಂದದ್ದು. ಅದರ ಹಿಂದೆ ಅಗೆಯುವುದೆಂಬ ಅರ್ಥದ ಪಾರಸಿ ಧಾತುವಿದೆ. ಎರಡು ದೇಶಗಳ ಜನರು ಒಬ್ಬರನ್ನೊಬ್ಬರು ಕೇಳದೆ ಒಂದೇ ವಸ್ತುವಿಗೆ ಒಂದೇ ಹೆಸರನ್ನಿಟ್ಟರು. ಈಗ ಅಗಳು ಬಹುಮಟ್ಟಿಗೆ ಮರೆತುಹೋಗಿ, ಕಂದಕವು ಬಡವ ಬಲ್ಲಿದರ ನಡುವಣ ಅಂತರವನ್ನು ಸೂಚಿಸುವ ಮಾತಾಗಿ ಬಾಳುತ್ತಿದೆ.

ಗೋಡೆಯ ನೆತ್ತಿಯ ಮೇಲೆ ಸಾಲಾಗಿ ಎದ್ದಿರುವ ಹಲ್ಲುಗಳಿಗೆ ‘ತೆನೆ’ಯೆಂದು ಹೆಸರು. ಹೊಲದಲ್ಲಿ ತೆನೆಗಳ ಸಾಲನ್ನು ಕಂಡಿದ್ದ ಕಣ್ಣು ಕೋಟೆಯನ್ನು ಕಂಡು ಹೀಗೆ ಹೇಳಿತೆಂದು ನಮಗೆ ತೋರುತ್ತದೆ. ಅರಮನೆಯ ಪಂಡಿತನ ಬಾಯಿಂದ ಈ ಮಾತು ಹುಟ್ಟಿರಲಾರದು. ಕಾವಲಿನವರು ನಿಲ್ಲುತ್ತಿದ್ದ ಅಟ್ಟಾಲಕದ ನಂಟನಾದ ‘ಅಟ್ಟ’ವು ಮನೆಯ ಸೂರಿನ ಕೆಳಗೆ ಸೌದೆ ಗಡಿಗೆಗಳನ್ನು ಹೊರುತ್ತಿದೆ, ಹೊಗಳಿ ಅಟ್ಟಕ್ಕೇರಿಸುವವರಂತೂ ಎಲ್ಲ ಕಾಲದಲ್ಲಿಯೂ ಉಂಟು. ಕೊತ್ತಳವು ದ್ರಾವಿಡದ್ದು, ಬುರುಜು ಅರಬ್ಬಿಯದು. ಬತೇರಿಯು ಫಿರಂಗಿಗಳೊಂದಿಗೆ ಯೂರೋಪಿನಿಂದ ಬಂದು, ವಯನಾಡಿನ ಸುಲ್ತಾನ್ ಬತೇರಿಯಲ್ಲಿ ಊರಿನ ಹೆಸರಾಗಿಯೇ ನಿಂತಿತು.

ಇನ್ನು ಪೇಟೆಯ ವಿಚಾರ. ಕೋಟೆಯ ಒಳಗಿದ್ದವರೆಷ್ಟು, ಹೊರಗಿದ್ದವರೆಷ್ಟು ಎಂಬ ಪ್ರಶ್ನೆಯನ್ನು ನಮ್ಮ ಚರಿತ್ರಕಾರರು ಕೇಳಿದ್ದು ಕಡಮೆ. ಬೆಂಗಳೂರಿನಲ್ಲಿ ೧೫೩೭ರ ಸುಮಾರಿಗೆ ಕೆಂಪೇಗೌಡನು ಮಣ್ಣಿನ ಕೋಟೆಯನ್ನು ಕಟ್ಟಿಸಿದನು. ಹೈದರನ ಕಾಲದಲ್ಲಿ ದಕ್ಷಿಣದ ಕೋಟೆಯು ಕಲ್ಲಿನದಾಯಿತು. ಅದರ ಉತ್ತರಕ್ಕೆ ನೇಕಾರರೂ ವರ್ತಕರೂ ಕುಶಲಕರ್ಮಿಗಳೂ ತುಂಬಿದ್ದ ಪೇಟೆಗೆ ಹಳ್ಳವೂ ಮುಳ್ಳುಬೇಲಿಯೂ ರಕ್ಷಣೆ. ೧೭೯೧ರಲ್ಲಿ ಕಾರ್ನ್‌ವಾಲಿಸನ ದಂಡು ಬಂದಾಗ ಪೇಟೆಯು ಮಾರ್ಚಿ ೭ರಂದು ಬಿತ್ತು. ಕೋಟೆಯು ಬಿದ್ದದ್ದು ೨೧ರ ರಾತ್ರಿ. ಈ ಎರಡು ತಾರೀಖುಗಳ ನಡುವಣ ಹದಿನಾಲ್ಕು ದಿನಗಳೇ ಕೋಟೆಗೂ ಪೇಟೆಗೂ ಇದ್ದ ಅಂತರ. ಆ ದಿನಗಳಲ್ಲಿ ಪೇಟೆಯವರು ಶತ್ರುವಿನ ಕೈಯಲ್ಲಿದ್ದರು. ಅವರ ದೊರೆಯ ತೋಪುಗಳು ಇನ್ನೂ ಗೋಡೆಯ ಮೇಲೆ ಇದ್ದುವು.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವು ತಡಮಾಡಿದವರನ್ನು ಹಾಸ್ಯಮಾಡಲು ಬಳಸುತ್ತೇವೆ. ಪೇಟೆಯವರ ಕಡೆಯಿಂದ ಕೇಳಿದರೆ ಅದು ಹಾಸ್ಯವಲ್ಲ, ದೂರು. ಕೊಳ್ಳೆಹೋದದ್ದು ಊರು, ಭದ್ರವಾದದ್ದು ಕೋಟೆ. ದೊಡ್ಡ ಬಾಗಿಲು ಮುಚ್ಚಿದ ಮೇಲೂ ಒಬ್ಬೊಬ್ಬರಾಗಿ ನುಸುಳಲು ಇರುತ್ತಿದ್ದುದು ದಿಡ್ಡಿ. ಶ್ರೀರಂಗಪಟ್ಟಣದಲ್ಲಿ ೧೭೯೯ರ ಮೇ ೪ರಂದು ವಾಯವ್ಯದ ಗೋಡೆ ಒಡೆದಾಗ, ಟಿಪ್ಪು ಸುಲ್ತಾನನು ಉತ್ತರದ ಬಾಗಿಲೊಂದರ ಬಳಿ ಜನರ ಒತ್ತಿನಲ್ಲಿ ಸಿಕ್ಕಿ ಮಡಿದನು. ಮೀರ್ ಸಾದಕನು ಬೇಕೆಂದೇ ಬಾಗಿಲು ಹಾಕಿಸಿದನೆಂದು ಐತಿಹ್ಯ. ಅದು ನಿಜವಾದರೆ, ಹೊರಗೆ ಉಳಿದವರ ಪಾಡು ಆ ದಿನ ಅರಸನಿಗೂ ಬಂದಿತೆನ್ನಬೇಕು.

ಹಳ್ಳಿಗಳಿಗೆ ಇಷ್ಟೂ ಇರಲಿಲ್ಲ. ಉತ್ತರದ ಸೀಮೆಯ ಊರುಗಳಲ್ಲಿ ‘ಅಗಸೆ’ಯೆಂಬ ಊರಬಾಗಿಲು, ದಂಡು ದಾಳಿ ಬಂದಾಗ ಹತ್ತಿ ಕೂರಲು ‘ಹುಡೆ’ಯೆಂಬ ಗುಂಡನೆಯ ಕೊತ್ತಳ, ಇವೇ ಕಾವಲು. ಇವೂ ಇಲ್ಲದ ಕಡೆ ಮನುವಿನ ನೃದುರ್ಗವೇ ಗತಿ. ನಮ್ಮ ವೀರಗಲ್ಲುಗಳಲ್ಲಿ ‘ತುರುಗೊಳ್’ ‘ಊರಳಿವು’ ಎಂಬ ಮಾತುಗಳು ಎಷ್ಟು ಸಲ ಬಂದಿವೆ! ದನಗಳನ್ನು ಹಿಡಿದೊಯ್ಯುವಾಗ, ಊರನ್ನು ಹಾಳುಮಾಡುವಾಗ ಅಡ್ಡನಿಂತು ಸತ್ತವರ ಲೆಕ್ಕ ಅದು. ದುರ್ಗಗಳ ಪಟ್ಟಿಯಲ್ಲಿ ಈ ಕಲ್ಲುಗಳಿಗೂ ಸ್ಥಾನವಿರಬೇಕೆಂದು ನಮ್ಮ ಅಭಿಪ್ರಾಯ.

ಪತ್ರಿಕೆಗಳನ್ನು ತೆರೆದರೆ ಕೋಟೆಯ ಯುದ್ಧ ಇಂದಿಗೂ ನಡೆಯುತ್ತಿರುವಂತೆ ಕಾಣುತ್ತದೆ. ಚುನಾವಣೆಯಲ್ಲಿ ಒಂದೊಂದು ಪಕ್ಷಕ್ಕೂ ಒಂದು ಭದ್ರಕೋಟೆ, ಎದುರಿಗೊಂದು ಪಾಳೆಯ. ಹೊಸ ಸರಕು ಮಾರುಕಟ್ಟೆಗೆ ಲಗ್ಗೆಯಿಡುತ್ತದೆ. ಇದರಲ್ಲಿ ಅತಿಯಾದದ್ದೂ ಬೇಕಾದಷ್ಟಿದೆ. ಮುತ್ತಿಗೆಯೆಂಬ ಒಂದು ಮಾತು ಮಾತ್ರ ಪೂರ್ತಿಯಾಗಿ ಕೈ ಬದಲಾಯಿಸಿದೆ. ಹಿಂದೆ ಅರಸನ ದಂಡು ಊರಿಗೆ ಮುತ್ತಿಗೆ ಹಾಕುತ್ತಿತ್ತು. ಈಗ ನೀರು ಬಾರದ ಬೀದಿಯ ಹೆಂಗಸರು ಖಾಲಿ ಕೊಡಗಳನ್ನು ಹಿಡಿದು ಕಚೇರಿಗೆ ಮುತ್ತಿಗೆ ಹಾಕುತ್ತಾರೆ, ಒಳಗಿನವರು ಬಾಗಿಲು ಹಾಕಿಕೊಳ್ಳುತ್ತಾರೆ.